ಬಳಿದದ್ದನ್ನು ತೆಗೆಯುವ ಮಾತು

ನಾಶಿಕದ ಅಂಬಡ್ ಮತ್ತು ಛತ್ರಪತಿ ಸಂಭಾಜಿನಗರದ ವಾಳೂಜ್, ಈ ಎರಡು ಎಂಐಡಿಸಿ ಕೈಗಾರಿಕಾ ಪ್ರದೇಶಗಳ ನಡುವೆ ಓಡಾಡುತ್ತಲೇ ನನ್ನ ದುಡಿಮೆಯ ಬಹುಪಾಲು ಕಳೆದಿದೆ. ಕಪಾಟಿನ ಬಾಗಿಲು, ಮೇಜಿನ ಹಲಗೆ, ಎಂಡಿಎಫ್ ಬೋರ್ಡು ಇವುಗಳಿಗೆ ಬಣ್ಣ ಹಾಕುವ ಲೈನು ಕೂರಿಸುವುದು, ಕೆಟ್ಟರೆ ಸರಿ ಮಾಡುವುದು ನನ್ನ ಕಸುಬು. ಹುಟ್ಟಿದ್ದು ಚನ್ನಪಟ್ಟಣದಲ್ಲಿ. ಅರಗಿನ ವಾಸನೆಯಲ್ಲಿ ಬೆಳೆದವನು ಯುವಿ, ಅಂದರೆ ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ಪೇಂಟಿನ ಮುಂದೆ ಬಂದು ನಿಂತಿದ್ದೇನೆ. ನಮ್ಮ ದೇಶದ ಲೇಪನದ ಚರಿತ್ರೆಯ ಎರಡು ತುದಿಗಳು ಅವು ಎಂದು ನನಗೆ ಅನ್ನಿಸುತ್ತದೆ.

ಇಂಥ ಶೆಡ್ಡಿಗೆ ಮೊದಲ ಸಲ ಬಂದವರು ಕಿಟಕಿಗಳ ಬಗ್ಗೆ ಕೇಳುತ್ತಾರೆ. ಗಾಜಿಗೆಲ್ಲ ಹಳದಿ ಫಿಲ್ಮ್ ಅಂಟಿಸಿರುತ್ತದೆ, ಟ್ಯೂಬ್‌ಲೈಟಿಗೂ ಹಳದಿ ತೊಡಿಸಿರುತ್ತದೆ. ಒಳಗಿನ ಬಣ್ಣಕ್ಕೆ ಹಗಲಿನ ಬೆಳಕು ತಾಗಬಾರದು, ತಾಗಿದರೆ ತೊಟ್ಟಿಯಲ್ಲೇ ಗಟ್ಟಿಯಾಗತೊಡಗುತ್ತದೆ. ಛಾವಣಿಯ ಫೈಬರ್ ಶೀಟಿನ ಒಂದು ಮೂಲೆ ಬಿರುಕು ಬಿಟ್ಟು ಅಲ್ಲಿಂದ ಬಿಸಿಲಿನ ಕೋಲು ಇಳಿದು, ಕೆಳಗಿನ ಬಣ್ಣದ ಕೊಳವೆಯ ಬಾಯಲ್ಲಿ ಕೆನೆ ಕಟ್ಟಿದ್ದನ್ನು ನೋಡಿದ್ದೇನೆ. ಮಾರ್ಚ್ ತಿಂಗಳ ಮರಾಠವಾಡದ ಬಿಸಿಲಿಗೆ ಅಷ್ಟು ಸಂದಿ ಸಾಕು.

ಯಂತ್ರ ನೋಡಲು ಸರಳ. ಮೇಲೆ ಒಂದು ಉದ್ದನೆಯ ತೊಟ್ಟಿ, ಅದರ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳು. ಆ ಸೀಳಿನಿಂದ ಬಣ್ಣ ಒಂದು ಹಾಳೆಯಾಗಿ ಕೆಳಕ್ಕೆ ಬೀಳುತ್ತದೆ. ಅದೇ ಪರದೆ. ಕೆಳಗೆ ಎರಡು ಬೆಲ್ಟು, ನಡುವೆ ಒಂದು ಗೇಣಿನ ಖಾಲಿ ಜಾಗ. ಹಲಗೆ ಮೊದಲ ಬೆಲ್ಟಿನಿಂದ ಎರಡನೆಯದಕ್ಕೆ ಹಾಯುವಾಗ ಪರದೆಯನ್ನು ಸೀಳಿಕೊಂಡು ಹೋಗುತ್ತದೆ, ಮೈಮೇಲೆ ಬಣ್ಣದ ಪದರ ಹೊದ್ದುಕೊಳ್ಳುತ್ತದೆ. ಹಲಗೆಯ ಮೇಲೆ ಬೀಳದ ಬಣ್ಣ ಕೆಳಗಿನ ದೋಣಿಗೆ ಬಿದ್ದು, ಸೋಸಿಕೊಂಡು, ಪಂಪಿನ ಮೂಲಕ ಮತ್ತೆ ಮೇಲೇರುತ್ತದೆ. ಸ್ಪ್ರೇ ಗನ್ನಿನಲ್ಲಿ ಅರ್ಧ ಬಣ್ಣ ಗಾಳಿಗೆ ಹೋಗುವುದನ್ನು ಕಂಡವರಿಗೆ ಇದರ ಬೆಲೆ ತಕ್ಷಣ ಗೊತ್ತಾಗುತ್ತದೆ.

ಲೆಕ್ಕವೂ ಕಷ್ಟದ್ದಲ್ಲ. ಪರದೆ 10 ಸೆಂಟಿಮೀಟರ್ ಎತ್ತರದಿಂದ ಬಿದ್ದರೆ ಹಲಗೆ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 1.4 ಮೀಟರ್, ಅಂದರೆ ನಿಮಿಷಕ್ಕೆ 84 ಮೀಟರ್. ಬೆಲ್ಟಿನ ಓಟ ಅದರ ಆಸುಪಾಸಿನಲ್ಲಿರಬೇಕು. ತೀರ ನಿಧಾನವಾದರೆ ಬಣ್ಣ ಮುಂಚೂಣಿಯಲ್ಲಿ ಮಡಿಕೆ ಬಿದ್ದು ಗುಡ್ಡೆಯಾಗುತ್ತದೆ, ತೀರ ಜೋರಾದರೆ ಪದರ ಎಳೆದುಕೊಂಡು ಅಡಿಗೆ ಗಾಳಿ ಸೇರುತ್ತದೆ. ಪಂಪು ಅಷ್ಟೇ ಬಣ್ಣ ಕೊಡುತ್ತಿರುವಾಗ ಬೆಲ್ಟಿನ ವೇಗ ಎರಡರಷ್ಟಾದರೆ ಪದರ ಅರ್ಧಕ್ಕಿಳಿಯುತ್ತದೆ. ಹಾಗಂತ ಪಂಪನ್ನು ಬೇಕಾದಷ್ಟು ಇಳಿಸುವಂತಿಲ್ಲ. ಒಂದು ಮಟ್ಟಕ್ಕಿಂತ ಹರಿವು ಕಡಿಮೆಯಾದರೆ ಪರದೆ ನಿಲ್ಲುವುದೇ ಇಲ್ಲ. ಸೂಜಿಮೊನೆಯಷ್ಟು ತೂತು ಬಿದ್ದರೂ ಅದು ಅಗಲವಾಗುತ್ತಾ ಹೋಗಿ ಇಡೀ ಹಾಳೆಯನ್ನು ನುಂಗುತ್ತದೆ. 1961ರಲ್ಲಿ ಡಿ. ಆರ್. ಬ್ರೌನ್ ಎಂಬವರು ಬೀಳುವ ದ್ರವದ ಹಾಳೆಗಳ ಬಗ್ಗೆ ಬರೆದ ಪ್ರಬಂಧ ಈ ವಿದ್ಯೆಗೆ ಬುನಾದಿ. ಅದಕ್ಕೆ ಕೇಂಬ್ರಿಜ್‌ನ ಜಿ. ಐ. ಟೇಲರ್ ಅನುಬಂಧ ಬರೆದುಕೊಟ್ಟರು. ಬೀಳುವ ದ್ರವದ ರಭಸ ಮತ್ತು ಅದರ ಮೇಲ್ಮೈ ಬಿಗಿತ, ಇವೆರಡರ ಜಗಳದಲ್ಲಿ ರಭಸ ಗೆದ್ದಾಗ ಮಾತ್ರ ಪರದೆ ಉಳಿಯುತ್ತದೆ ಎಂಬುದು ಅದರ ಸಾರ. ವಾಳೂಜಿನ ಹುಡುಗರು ಈ ಪ್ರಬಂಧ ಓದಿಲ್ಲ. ಯಾರೋ ಬಾಗಿಲು ತೆರೆದು ಗಾಳಿ ನುಗ್ಗಿದ ಕೂಡಲೇ "ಪಡದಾ ಫಾಟಲಾ!" (ಪರದೆ ಹರಿಯಿತು!) ಎಂದು ಕೂಗಿ, ಬೆಲ್ಟು ನಿಲ್ಲಿಸಿ, ಬಣ್ಣದಲ್ಲಿ ಅದ್ದಿದ ಕಡ್ಡಿಯಿಂದ ಪರದೆಯ ಅಂಚನ್ನು ಹಿಡಿದು ಪಕ್ಕದ ಕಂಬಿಗೆ ಮತ್ತೆ ಅಂಟಿಸುತ್ತಾರೆ. ಕೈಗೆ ಬಂದ ವಿದ್ಯೆ ಅದು, ನೋಡಲು ಬಲು ಚೆಂದ.

ಪರದೆಯ ಉಪಾಯ ಬಣ್ಣದವರದ್ದಲ್ಲ, ಮಿಠಾಯಿಯವರದ್ದು. 20ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಬಿಸ್ಕತ್ತು, ಮಿಠಾಯಿಗಳ ಮೇಲೆ ಕರಗಿದ ಚಾಕೊಲೇಟನ್ನು ಪರದೆಯಾಗಿ ಸುರಿಸುವ ಯಂತ್ರ ಬಂತು. ಮರದ ಕಾರ್ಖಾನೆಗಳು ಅದನ್ನು ಎತ್ತಿಕೊಂಡವು. ಎರಡನೆಯ ಮಹಾಯುದ್ಧದ ಬಳಿಕ ಯುರೋಪಿನಲ್ಲಿ ಪೀಠೋಪಕರಣಗಳಿಗೆ ಕನ್ನಡಿಯಂಥ ಹೊಳಪಿನ ಪಾಲಿಯೆಸ್ಟರ್ ಬಣ್ಣ ಬಂದಾಗ ತೊಡಕು ಶುರುವಾಯಿತು. ಆ ಬಣ್ಣಕ್ಕೆ ಗಟ್ಟಿಯಾಗಿಸುವ ರಾಸಾಯನಿಕ ಬೆರೆಸಿದ ಮೇಲೆ ಗಡಿಯಾರ ಓಡಲು ಶುರು. ಸ್ಪ್ರೇ ಮಾಡುವವನಾದರೆ ಬೇಕಾದಷ್ಟೇ ಬೆರೆಸಿಕೊಂಡು ಮುಗಿಸುತ್ತಾನೆ. ಪರದೆಯಲ್ಲಿ ಬಣ್ಣ ಸುತ್ತುತ್ತಲೇ ಇರಬೇಕು, ಸುತ್ತುತ್ತಿರುವಾಗಲೇ ಪಂಪಿನೊಳಗೆ ಕಲ್ಲಾದರೆ ಯಂತ್ರವೇ ಹೋಯಿತು. ಅದಕ್ಕೆ ಎರಡು ತಲೆಯ ಯಂತ್ರ ಮಾಡಿದರು. ಒಂದು ಪರದೆಯಲ್ಲಿ ಕೋಬಾಲ್ಟ್ ಸೇರಿಸಿದ ರಾಳ, ಇನ್ನೊಂದರಲ್ಲಿ ಪೆರಾಕ್ಸೈಡ್ ಸೇರಿಸಿದ ರಾಳ. ಎರಡೂ ಹಲಗೆಯ ಮೇಲೆಯೇ ಒಂದರ ಮೇಲೊಂದು ಬಿದ್ದು ಕೂಡಿಕೊಳ್ಳುತ್ತಿದ್ದವು. ಜಾಣತನ ನಿಜ, ಆದರೆ ಎರಡೆರಡು ತೊಟ್ಟಿ, ಎರಡೆರಡು ಪಂಪು, ತೊಳೆಯುವ ತಲೆನೋವು.

1960ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಮರದ ಹಲಗೆಗಳ ಮೇಲೆ ಯುವಿ ಬಣ್ಣ ಬಳಕೆಗೆ ಬಂದಾಗ ಆ ತಲೆನೋವು ಮುಗಿಯಿತು. ಬೆಳಕು ಬೀಳುವ ತನಕ ಈ ಬಣ್ಣ ಸುಮ್ಮನಿರುತ್ತದೆ. ಇಡೀ ದಿನ ಸುತ್ತಲಿ, ಕೆಡುವುದಿಲ್ಲ. ಹಲಗೆ ಪಾದರಸದ ದೀಪದ ಕೆಳಗೆ ಹಾಯ್ದ ಕ್ಷಣದಲ್ಲಿ, ಬಣ್ಣದೊಳಗಿನ ಬೆಳಕಿಗೆ ಒಡೆಯುವ ಅಣುಗಳು ಒಡೆದು, ರಾಳದ ಸರಪಳಿಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತವೆ. ಒಣಗಲು ಕಾಯುವ ಮಾತೇ ಇಲ್ಲ, ಆವಿಯಾಗಿ ಹೋಗುವ ಥಿನ್ನರೂ ಹೆಚ್ಚಿಲ್ಲ. ಅಮೆರಿಕದ ಲಾಸ್ ಏಂಜಲಿಸ್ 1966ರಲ್ಲೇ ಥಿನ್ನರಿನ ಹೊಗೆಗೆ ಕಡಿವಾಣ ಹಾಕುವ ನಿಯಮ ತಂದಿತ್ತು, 1973ರಲ್ಲಿ ತೈಲದ ಬೆಲೆ ಏರಿತು. ಪರದೆಗೂ ಯುವಿಗೂ ಆದ ಈ ಮದುವೆಗೆ ಕಾಲವೂ ಕೂಡಿಬಂತು.

ಬೆಳಕಿನಿಂದ ಗಟ್ಟಿಯಾಗುವ ಪದಾರ್ಥದ ಕಥೆ ಅದಕ್ಕಿಂತ ಬಹಳ ಹಳೆಯದು. ಫ್ರಾನ್ಸಿನ ನೀಪ್ಸ್ 1820ರ ದಶಕದಲ್ಲಿ ತಗಡಿಗೆ ಡಾಂಬರಿನಂಥ ಬಿಟುಮೆನ್ ಬಳಿದು ಬಿಸಿಲಿಗೆ ಒಡ್ಡಿದ. ಬೆಳಕು ಬಿದ್ದ ಕಡೆ ಅದು ಗಟ್ಟಿಯಾಯಿತು, ಬೀಳದ ಕಡೆಯದ್ದು ಲ್ಯಾವೆಂಡರ್ ಎಣ್ಣೆಯಲ್ಲಿ ತೊಳೆದುಹೋಯಿತು. ಜಗತ್ತಿನ ಮೊದಲ ಫೋಟೊ ಹುಟ್ಟಿದ್ದು ಹೀಗೆ. ನಮ್ಮ ಮೈಸೂರಿನಲ್ಲೂ ಬೆಳಕಿನ ಕೆಲಸದ ಒಂದು ನಮೂನೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಶುರುಮಾಡಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್. ಕಾಡಿನ ಅರಗನ್ನು ಬಳಸಿಕೊಳ್ಳಲೆಂದು ಹುಟ್ಟಿದ ಆ ಕಾರ್ಖಾನೆ 1962ರ ಮಹಾ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಿಸುತ್ತಿದೆ. ಅದರಲ್ಲಿರುವ ಬೆಳ್ಳಿಯ ಲವಣ ಬೆಳಕಿಗೆ ಕಪ್ಪಾಗಿ ಚರ್ಮದಲ್ಲೇ ಕೂರುತ್ತದೆ. ಅರಗಿಗೆಂದು ಕಟ್ಟಿದ ಮನೆಯಲ್ಲಿ ಬೆಳಕಿನ ಶಾಯಿ ಬೆಳೆಯಿತು ಎಂಬುದನ್ನು ನಾನು ಈ ಕಸುಬಿನವರಿಗೆಲ್ಲ ಹೇಳುತ್ತಿರುತ್ತೇನೆ.

ಅರಗಿನ ವಿಷಯಕ್ಕೆ ಬರುತ್ತೇನೆ. ಮುತ್ತುಗ, ಬೋರೆ ಮುಂತಾದ ಮರಗಳ ರೆಂಬೆಗಳ ಮೇಲೆ ಒಂದು ಸಣ್ಣ ಹುಳು ಕಟ್ಟುವ ಕವಚ ಅದು. ರಾಂಚಿಯ ಹತ್ತಿರದ ನಾಮ್‌ಕುಮ್‌ನಲ್ಲಿ ಅರಗಿನ ಸಂಶೋಧನೆಗೇ 1924ರಲ್ಲಿ ಸಂಸ್ಥೆ ಕಟ್ಟಿದರು. ಆಗ ಜಗತ್ತಿನ ಗ್ರಾಮಫೋನ್ ತಟ್ಟೆಗಳು ಇದೇ ಅರಗಿನಿಂದ ತಯಾರಾಗುತ್ತಿದ್ದವು. ಚನ್ನಪಟ್ಟಣದಲ್ಲಿ ನನ್ನ ಸೋದರಮಾವನ ಲೇತು ಇತ್ತು. ಆಲೆ ಮರದ ತುಂಡು ತಿರುಗುತ್ತಿರುವಾಗ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಿದ್ದರು. ಉಜ್ಜಿದ ಬಿಸಿಗೇ ಅರಗು ಕರಗಿ ಮರದ ಮೇಲೆ ಹರಡುತ್ತಿತ್ತು. ಆಮೇಲೆ ಒಣ ಕೇದಗೆ ಗರಿಯನ್ನು ಮಡಿಸಿ ಒತ್ತಿದರೆ ಹೊಳಪು ಮೇಲೇಳುತ್ತಿತ್ತು. ಬ್ರಷ್ಷಿಲ್ಲ, ಥಿನ್ನರಿಲ್ಲ, ಒಣಗಿಸುವ ಕೋಣೆಯಿಲ್ಲ. ಬಣ್ಣ ತಪ್ಪಿದರೆ ಅದೇ ಲೇತಿನಲ್ಲಿ ಕೆರೆದು ಇನ್ನೊಂದು ಬಣ್ಣ. ಅರಗು ಪೀಠೋಪಕರಣಕ್ಕೆ ಬಂದದ್ದು ಸ್ಪಿರಿಟ್ಟಿನಲ್ಲಿ ಕರಗಿಸಿದ ಚಪಡಾ ಪಾಲಿಶ್ ಆಗಿ. ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಗುಂಡಗುಂಡಗೆ ಕೈಯಾಡಿಸುತ್ತಾ ಪದರದ ಮೇಲೆ ಪದರ ಹಾಕುವ ಕೆಲಸ. ಮಳೆಗಾಲದಲ್ಲಿ ಮಾಡಿದರೆ ಬಿಳಿ ಮಂಜು ಹಿಡಿಯುತ್ತದೆ. ಬಿಸಿ ಲೋಟ ಇಟ್ಟರೆ ಬಳೆಯಂಥ ಕಲೆ. ಆದರೂ ಒಂದು ದೊಡ್ಡ ಗುಣ: ಸ್ಪಿರಿಟ್ಟಿನ ಬಟ್ಟೆ ಹಿಡಿದು ಒರೆಸಿದರೆ ಪಾಲಿಶ್ ಬಿಟ್ಟುಬರುತ್ತದೆ, ಮರ ಮತ್ತೆ ಬರಿಮೈ ಆಗುತ್ತದೆ. "ಮ್ಯಾಲಿಂದು ಕೆಟ್ರೆ ತೆಗ್ದು ಮತ್ತೆ ಹಾಕ್‌ಬೋದು ಕಣಪ್ಪ, ಒಳಗಿಂದು ಕೆಟ್ರೆ ಏನ್ ಮಾಡ್ತೀಯ?" ಎಂದು ಮಾವ ಹೇಳುತ್ತಿದ್ದರು.

ಆ ಪ್ರಶ್ನೆಗೆ ಜಗತ್ತಿನಲ್ಲೇ ಅತಿ ದುಬಾರಿ ಉತ್ತರ ಇರುವುದು ನಾನು ಕೆಲಸ ಮಾಡುವ ಜಿಲ್ಲೆಯಲ್ಲಿ, ಸಂಭಾಜಿನಗರದಿಂದ ಸುಮಾರು 100 ಕಿಲೋಮೀಟರ್ ದೂರದ ಅಜಂತಾದಲ್ಲಿ.

ಅಜಂತಾದ ಚಿತ್ರಗಳನ್ನು ಹಸಿ ಗಾರೆಯ ಮೇಲೆ ಬರೆದಿಲ್ಲ. ಕಲ್ಲಿನ ಗೋಡೆಗೆ ಭತ್ತದ ಹೊಟ್ಟು, ನಾರು ಕಲಸಿದ ಮಣ್ಣಿನ ಗಿಲಾವು, ಅದರ ಮೇಲೆ ಸುಣ್ಣದ ತೆಳುವಾದ ಪದರ, ಅದು ಒಣಗಿದ ಮೇಲೆ ಅಂಟಿನಲ್ಲಿ ಕಲಸಿದ ಬಣ್ಣ. ಕಾವಿ, ಹಳದಿ ಮಣ್ಣು, ಹಸಿರು ಕಲ್ಲು, ಕಾಡಿಗೆ, ದೂರದಿಂದ ತರಿಸಿದ ಲಾಜವರ್ದ ನೀಲಿ. ಅಂಟು ಸಾಯುತ್ತಾ ಬಂದಂತೆ ಬಣ್ಣ ಪುಡಿಪುಡಿಯಾಗಿ ಉದುರುವ ಸ್ವಭಾವ ಈ ಬಗೆಯ ಚಿತ್ರಕ್ಕೆ ಇದ್ದೇ ಇದೆ. 1819ರಲ್ಲಿ ಬೇಟೆಗೆ ಬಂದ ಜಾನ್ ಸ್ಮಿತ್ ಎಂಬ ಇಂಗ್ಲಿಷ್ ಅಧಿಕಾರಿಯ ಕಣ್ಣಿಗೆ ಗುಹೆಗಳು ಬಿದ್ದವು, ಅಲ್ಲಿಂದ ಪ್ರತಿ ತೆಗೆಯುವವರ ಸಾಲು ಶುರುವಾಯಿತು. 1840ರ ದಶಕದಲ್ಲಿ ಬಂದ ರಾಬರ್ಟ್ ಗಿಲ್ ವರ್ಷಾನುಗಟ್ಟಲೆ ಅಲ್ಲೇ ಇದ್ದು ಪ್ರತಿ ತೆಗೆದ. ಲಂಡನ್ನಿಗೆ ಕಳಿಸಿದ ಅವುಗಳಲ್ಲಿ ಬಹುಪಾಲು 1866ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಆಹುತಿಯಾದವು. 1872ರಿಂದ 1885ರ ತನಕ ಮುಂಬಯಿಯ ಜೆ. ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮತ್ತೆ ಪ್ರತಿ ತೆಗೆದರು, ಅವುಗಳಲ್ಲೂ ನೂರಕ್ಕೆ ಮೀರಿ ಲಂಡನ್ನಿನಲ್ಲೇ ಸುಟ್ಟುಹೋದವು. ಮಂಕಾದ ಬಣ್ಣ ಎದ್ದು ಕಾಣಲೆಂದು ಈ ಕಾಲದಲ್ಲೇ ಮೂಲ ಗೋಡೆಗಳಿಗೆ ವಾರ್ನಿಶ್ ಬಳಿದರು. ಒದ್ದೆ ಮಾಡಿದ ಕಲ್ಲು ಹೊಳೆಯುವ ಹಾಗೆ ಚಿತ್ರ ಆ ಕ್ಷಣಕ್ಕೆ ಹೊಳೆದಿರಬೇಕು. ನನ್ನ ಕಸುಬಿನವರಿಗೆಲ್ಲ ಆ ಆಸೆ ಅರ್ಥವಾಗುತ್ತದೆ.

1909ರಿಂದ 1911ರ ನಡುವೆ ಇಂಗ್ಲೆಂಡಿನ ಕಲಾವಿದೆ ಲೇಡಿ ಹೆರಿಂಗ್‌ಹ್ಯಾಮ್ ಪ್ರತಿ ತೆಗೆಯಲು ಬಂದಾಗ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರರ ಜೊತೆ ನಮ್ಮ ಮೈಸೂರು ಸೀಮೆಯ ಕೆ. ವೆಂಕಟಪ್ಪನವರೂ ಇದ್ದರು. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯ ಮುಂದೆ ಹಾಯುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಆ ಕಾಲಕ್ಕೆ ಅಜಂತಾ ಹೈದರಾಬಾದಿನ ನಿಜಾಮರ ಸೀಮೆಯಲ್ಲಿತ್ತು. ಬೀದರ್, ಕಲಬುರಗಿ, ರಾಯಚೂರು ಕೂಡ ಅದೇ ಸೀಮೆ. 1914ರಲ್ಲಿ ನಿಜಾಮರ ಸರ್ಕಾರ ಪುರಾತತ್ವ ಇಲಾಖೆ ತೆರೆದು ಗುಲಾಮ್ ಯಜ್ದಾನಿಯವರನ್ನು ಮುಖ್ಯಸ್ಥರನ್ನಾಗಿ ಮಾಡಿತು. ಬೀದರಿನ ಕೋಟೆ, ಮಹಲುಗಳ ಬಗ್ಗೆ 1947ರಲ್ಲಿ ದೊಡ್ಡ ಪುಸ್ತಕ ಬರೆದವರೂ ಇವರೇ. ಇವರ ಕಾಲದಲ್ಲಿ, 1920ರಿಂದ 22ರ ನಡುವೆ, ಇಟಲಿಯಿಂದ ಲೊರೆಂಜೊ ಚೆಕೋನಿ ಮತ್ತು ಸಹಾಯಕ ಓರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿದರು. ಅವರು ಗೋಡೆಯಿಂದ ಬಿಟ್ಟುಕೊಂಡಿದ್ದ ಗಿಲಾವನ್ನು ಮತ್ತೆ ಕೂರಿಸಿದರು. ಆ ಕೆಲಸ ನಡೆಯದಿದ್ದರೆ ಇವತ್ತು ಎಷ್ಟೋ ಚಿತ್ರ ಮಣ್ಣಾಗಿರುತ್ತಿತ್ತು, ಇದನ್ನು ಮರೆತು ಅವರನ್ನು ಬಯ್ಯುವುದು ಅನ್ಯಾಯ. ಕೊನೆಗೆ ಚಿತ್ರಗಳ ರಕ್ಷಣೆಗೆಂದು ಅವುಗಳ ಮೇಲೆ ಅರಗನ್ನು ಬಳಿದರು.

ಬಿಳುಪು ಮಾಡದ ಅರಗಿಗೆ ತನ್ನದೇ ಕೆಂಜು ಬಣ್ಣವಿದೆ. ದಿನ ಕಳೆದಂತೆ ಅದು ಇನ್ನಷ್ಟು ಕಂದಾಗುತ್ತದೆ. ಅದರ ಮೇಲೆ ಧೂಳು, ಹೊಗೆ, ಬಾವಲಿಗಳ ಹೊಲಸು ಕೂತಿತು. ನೀಲಿ ಹಸಿರಾಗಿ, ಬಿಳಿ ಜೇನಿನ ಬಣ್ಣವಾಗಿ ಕಾಣತೊಡಗಿದವು. ಎಷ್ಟೋ ಜನ ಅಜಂತಾದ ಬಣ್ಣವೇ ಅಂಥದು, ಹೊಂಬಣ್ಣದ ಮಂಕು ಅದರ ಗುಣ ಎಂದುಕೊಂಡರು. ಅರಗಿಗೆ ವಯಸ್ಸಾದಷ್ಟೂ ಅದರ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಸ್ಪಿರಿಟ್ಟಿಗೆ ಕರಗುವುದು ಕಡಿಮೆಯಾಗುತ್ತದೆ. ಹಾಗಾಗಿ ತೆಗೆಯುವ ಕೆಲಸ ಬಲು ನಾಜೂಕು. ಭಾರತೀಯ ಪುರಾತತ್ವ ಇಲಾಖೆಯ ಔರಂಗಾಬಾದ್ ವಿಜ್ಞಾನ ಶಾಖೆಯವರು ರಾಜದೇವ್ ಸಿಂಗ್ ಅವರ ಮುಂದಾಳತ್ವದಲ್ಲಿ 1999ರಿಂದ 9 ಮತ್ತು 10ನೆಯ ಗುಹೆಗಳಲ್ಲಿ ಅರಗು, ಮಸಿಗಳನ್ನು ಅಂಗುಲ ಅಂಗುಲವಾಗಿ ತೆಗೆಯುತ್ತಾ ಹೋದರು. ಅಜಂತಾದಲ್ಲೇ ಅತಿ ಹಳೆಯವೆನ್ನುವ ಚಿತ್ರಗಳು ಹೊರಬಂದವು.

ನಾನು ಹೇಳಬೇಕಾದ ಮಾತು ಇಲ್ಲಿದೆ. ಅಲ್ಲಿ ಬಳಿದದ್ದು ಅರಗಾಗಿತ್ತು, ಕಷ್ಟಪಟ್ಟಾದರೂ ಬಿಟ್ಟುಬಂತು. ನಾವೀಗ ದಿನವೂ ಹಾಕುತ್ತಿರುವ ಯುವಿ ಪದರ ಅಂಥದ್ದಲ್ಲ. ಬೆಳಕು ಒಮ್ಮೆ ಹೆಣೆದ ಜಾಲವನ್ನು ಸ್ಪಿರಿಟ್ಟು ಬಿಡಿಸುವುದಿಲ್ಲ, ಥಿನ್ನರು ಉಬ್ಬಿಸಿದರೂ ಕರಗಿಸುವುದಿಲ್ಲ, ಬಿಸಿ ಕೊಟ್ಟರೆ ಮೆತ್ತಗಾಗಿ ಹರಿಯದೆ ಸುಡುತ್ತದೆ. ಅದರ ಹೆಮ್ಮೆಯೂ ಅದೇ: ಬಿಸಿ ಲೋಟ, ನಿಂಬೆಹುಳಿ, ಅರಿಸಿನ ಯಾವುದಕ್ಕೂ ಜಗ್ಗದ ಅಡುಗೆಮನೆ ಬಾಗಿಲು. ತಪ್ಪಿದ ಹಲಗೆಯನ್ನು ಮಾತ್ರ ಯಂತ್ರದಲ್ಲಿ ಉಜ್ಜಿ ಧೂಳು ಮಾಡಬೇಕು, ಇಲ್ಲವೇ ಗುಜರಿಗೆ ಹಾಕಬೇಕು.

ನಾವು ಈ ಪದರ ಹಾಕುವ ನಾಶಿಕ, ಸಂಭಾಜಿನಗರಗಳಿಗೆ ಕಾರ್ಖಾನೆ ಬಂದ ಬಗೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ನಾಶಿಕದಲ್ಲಿ ಅಂಚೆಚೀಟಿ ಅಚ್ಚು ಹಾಕುವ ಸೆಕ್ಯುರಿಟಿ ಪ್ರೆಸ್ 1925ರಲ್ಲಿ, ನೋಟಿನ ಪ್ರೆಸ್ 1928ರಲ್ಲಿ ಶುರುವಾದವು. 1962ರಲ್ಲಿ ಮಹಾರಾಷ್ಟ್ರ ಸರ್ಕಾರ ಎಂಐಡಿಸಿ ಕಟ್ಟಿತು, 1964ರಲ್ಲಿ ನಾಶಿಕದ ಹತ್ತಿರದ ಓಝರಿನಲ್ಲಿ ಎಚ್‌ಎಎಲ್ ಮಿಗ್ ವಿಮಾನದ ಘಟಕ ತೆರೆಯಿತು. ಬೆಂಗಳೂರಿನ ಮೈಕೋ ಕೂಡ ನಾಶಿಕಕ್ಕೆ ಕಾಲಿಟ್ಟಿತು. ಈ ಎರಡು ಕಂಪನಿಗಳ ಬೆನ್ನಿಗೆ ಬಂದ ಕನ್ನಡದ ಮನೆಗಳು ನಾಶಿಕದಲ್ಲಿ ಇಂದಿಗೂ ಇವೆ, ನನಗೆ ಮೊದಲ ಬಾಡಿಗೆ ಕೋಣೆ ಸಿಕ್ಕಿದ್ದು ಅಂಥದೊಂದು ಮನೆಯ ಹಿತ್ತಿಲಲ್ಲಿ. 1985ರಲ್ಲಿ ಬಜಾಜ್ ವಾಳೂಜಿಗೆ ಬಂದ ಮೇಲೆ ಔರಂಗಾಬಾದಿನ ಚಹರೆ ಬದಲಾಯಿತು. 2023ರಲ್ಲಿ ಊರಿನ ಹೆಸರೂ ಛತ್ರಪತಿ ಸಂಭಾಜಿನಗರ ಎಂದು ಬದಲಾಯಿತು. ದೊಡ್ಡ ಕಾರ್ಖಾನೆಗಳ ಸುತ್ತ ಕಾಲೊನಿಗಳು, ಕಾಲೊನಿಗಳಿಗೆ ಕಪಾಟು, ಕಪಾಟಿಗೆ ಹಲಗೆ, ಹಲಗೆಗೆ ಬಣ್ಣ. ಹೀಗೆ ನಮ್ಮ ಸಣ್ಣ ಶೆಡ್ಡುಗಳು ಹುಟ್ಟಿಕೊಂಡವು.

ಚಪಡಾ ಉಜ್ಜುತ್ತಿದ್ದ ಕೈಗಳು ಮೆಲಮೈನ್ ಪಾಲಿಶ್‌ಗೆ, ಅಲ್ಲಿಂದ ಪಿಯು ಅಂದರೆ ಪಾಲಿಯುರೆಥೇನ್‌ಗೆ, ಕೊನೆಗೆ ಲೈನಿಗೆ ಬಂದವು. ಅವರಲ್ಲಿ ಕೆಲವರಿಗೆ ನಾನೇ ಯಂತ್ರ ಕಲಿಸಿದೆ. ಒಬ್ಬ ಹಳೆಯ ಪಾಲಿಶ್‌ನವನು ಮೊದಲ ದಿನ ದೀಪದ ಆಚೆ ಬಂದ ಹಲಗೆಯನ್ನು ಉಗುರಿನಿಂದ ಕೆರೆದು ನೋಡಿ, "ಅಣ್ಣಾ, ಇದು ಒಣಗಿತೋ, ಸತ್ತಿತೋ?" ಎಂದು ಕೇಳಿದ. ಆ ಮಾತಿನಲ್ಲಿ ಅವನ ಇಡೀ ಕಸುಬಿನ ಜ್ಞಾನವಿತ್ತು. ಅವನ ಪಾಲಿಶ್ ಉಸಿರಾಡುತ್ತಿತ್ತು, ಕೆಡುತ್ತಿತ್ತು, ಮತ್ತೆ ಜೀವ ತಳೆಯುತ್ತಿತ್ತು. ಈ ಕೆಲಸಗಾರರ ಕೈ ಬಗ್ಗೆಯೂ ಹೇಳದೆ ಮುಂದೆ ಹೋಗಲಾರೆ. ಗಟ್ಟಿಯಾಗದ ಯುವಿ ಬಣ್ಣ ಚರ್ಮಕ್ಕೆ ಆಗದು. ಮೊದಮೊದಲು ಏನೂ ಅನ್ನಿಸುವುದಿಲ್ಲ, ಒಂದು ದಿನ ತುರಿಕೆ, ಗುಳ್ಳೆ ಎದ್ದರೆ ಆಮೇಲೆ ಆ ಬಣ್ಣದ ಹತ್ತಿರ ಜೀವಮಾನವಿಡೀ ಸುಳಿಯುವಂತಿಲ್ಲ. ಕೆಲವು ಕಡೆ ಕೈಗವಸಿನ ಖರ್ಚು ಉಳಿಸಲು ಹುಡುಗರನ್ನು ಬರಿಗೈಯಲ್ಲಿ ಸೋಸುಬಟ್ಟೆ ಹಿಂಡಿಸುತ್ತಾರೆ. ನೈಟ್ರೈಲ್ ಕೈಗವಸು ತೊಡಿಸದ ಶೆಡ್ಡಿಗೆ ನಾನು ರಿಪೇರಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ಈಗ ದೀಪವೂ ಬದಲಾಗುತ್ತಿದೆ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು, 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಅದೂ ಸೇರಿ, ಕರೆಂಟಿನ ಉಳಿತಾಯವೂ ಸೇರಿ ಎಲ್‌ಇಡಿ ದೀಪ ಬರುತ್ತಿದೆ. ಹಳೆಯ ದೀಪದ ಬೆಳಕಿನಲ್ಲಿ ಬೇರೆ ಬೇರೆ ಅಲೆಗಳು ಬೆರೆತಿದ್ದವು: ಮೇಲ್ಮೈಯನ್ನು ಬಿಗಿಮಾಡುವ ಗಿಡ್ಡ ಅಲೆ, ಒಳಗಿಳಿಯುವ ಉದ್ದ ಅಲೆ. ಎಲ್‌ಇಡಿಯದ್ದು 365 ಅಥವಾ 395 ನ್ಯಾನೋಮೀಟರ್ ಹೀಗೆ ಒಂದೇ ಪಟ್ಟಿ. ಹಳೆಯ ಬಣ್ಣವನ್ನೇ ಅದರಡಿ ಓಡಿಸಿದರೆ ಒಳಗೆ ಗಟ್ಟಿ, ಮೇಲೆ ಗಾಳಿಯ ಆಮ್ಲಜನಕದ ಅಡ್ಡಿಯಿಂದ ಅಂಟಂಟು. ಬಣ್ಣದ ಅಡುಗೆಯನ್ನೇ ಬದಲಿಸಬೇಕು.

ಬಣ್ಣದ ಅಡುಗೆ ಬದಲಾಗುತ್ತಿದೆ, ಬಳಿದದ್ದು ಬಿಟ್ಟುಬರುವುದಿಲ್ಲ. ಹೀಗಾಗಿ ನಾನು ಕೂರಿಸುವ ಪ್ರತಿ ಲೈನಿನಲ್ಲೂ ಒಂದು ಪುಸ್ತಕ ಇಡಿಸುತ್ತಿದ್ದೇನೆ. ಯಾವ ರಾಳ, ಯಾವ ಜಾತಿಯ ಪ್ರೈಮರ್, ಚದರ ಮೀಟರಿಗೆ ಎಷ್ಟು ಗ್ರಾಂ, ಬಣ್ಣದ ಮಂದತೆ ಅಳೆಯುವ ಫೋರ್ಡ್ ಕಪ್ಪಿನಲ್ಲಿ ಎಷ್ಟು ಸೆಕೆಂಡು, ಪಾದರಸದ ದೀಪವೋ ಎಲ್‌ಇಡಿಯೋ, ಯಾವ ತಾರೀಖು. ಮುಂದೆ ಯಾರಾದರೂ ಈ ಹಲಗೆಗೆ ಹೊಸ ಬಣ್ಣ ಹಾಕಹೊರಟರೆ ಯಾವ ಪದರದ ಮೇಲೆ ಯಾವುದು ಹಿಡಿಯುತ್ತದೆ, ಎಷ್ಟು ಉಜ್ಜಬೇಕು, ಉಜ್ಜಿದ ಧೂಳಿನಲ್ಲಿ ಏನಿದೆ ಎಂಬುದು ತಿಳಿಯಬೇಕು. ಮಾಲೀಕರು ಮೊದಲು ಇದನ್ನು ಬೇಡದ ಬರವಣಿಗೆ ಎಂದರು. ಅಂಬಡಿನ ಒಂದು ಶೆಡ್ಡಿನಲ್ಲಿ ಈಗ ಅದೇ ವಿವರದ ಚೀಟಿಯನ್ನು ಅಚ್ಚು ಹಾಕಿಸಿ ಹಲಗೆಯ ಹಿಂಬದಿಗೆ ಅಂಟಿಸಿ ಕಳಿಸುತ್ತಿದ್ದಾರೆ. ವಾಳೂಜಿನವರು ಇನ್ನೂ ಒಪ್ಪಿಲ್ಲ, ಮಾತು ನಡೆಯುತ್ತಿದೆ.